ಶ್ರೀ ಕಳೆದರೆ ಉಳಿಯುವ ರಾಮಪ್ಪ

ಸಿರುಗುಪ್ಪದ ರೈಸ್ ಮಿಲ್‌ಗಳಿಗೆ ಭತ್ತ ಬರಲು ಶುರುವಾದರೆ ತೂಕದ ಚೀಟಿ ಬರೆಯುವವರಿಗೆ ಪುರುಸೊತ್ತಿರುವುದಿಲ್ಲ. ಎಷ್ಟೇ ಅವಸರವಿದ್ದರೂ ರೈತರ ಹೆಸರಿಗೆ ಮೊದಲು 'ಶ್ರೀ' ಬರೆಯುವುದು ನಮ್ಮ ಕಡೆಯ ಮರ್ಯಾದೆ. ಆದರೆ ಅದೇ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಅಕಾರಾದಿಯಾಗಿ ಜೋಡಿಸುವಾಗ ಆ ಶ್ರೀ ಕಳಚಲೇಬೇಕು. ಇಲ್ಲದಿದ್ದರೆ ಊರಿನವರೆಲ್ಲ 'ಶ'ಕಾರದಲ್ಲೇ ಬರುತ್ತಾರೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತ ಹೊಸಬರು ಇದಕ್ಕೆ ಮೊದಲು ಹಿಡಿಯುವುದು ಎಲ್‌ಸ್ಟ್ರಿಪ್ ಎಂಬ ವಿಧಾನವನ್ನು. ಅದು 'ಶ್ರೀ'ಯನ್ನು ಇಡಿಯಾಗಿ ನೋಡುವುದಿಲ್ಲ. ಶ, ವಿರಾಮ, ರ, ಈಕಾರದ ಗುರುತು, ನಡುವಿನ ಖಾಲಿ ಜಾಗ ಎಂದು ಬಿಡಿಬಿಡಿಯಾಗಿ ತೆಗೆದುಕೊಂಡು, ಎಡದಿಂದ ಅವುಗಳಲ್ಲಿ ಯಾವುದು ಸಿಕ್ಕರೂ ಅಳಿಸುತ್ತಾ ಹೋಗುತ್ತದೆ. 'ಶ್ರೀ ಬಸಪ್ಪ' ಸರಿಯಾಗಿಯೇ 'ಬಸಪ್ಪ' ಆಗುತ್ತದೆ. 'ಶ್ರೀ ರಾಮಪ್ಪ'ದಲ್ಲಿ ಮಾತ್ರ ರಕಾರವೂ ಹೋಗಿ, ಆಸರೆಯಿಲ್ಲದ ಒಂದು ದೀರ್ಘವೂ 'ಮಪ್ಪ'ವೂ ಉಳಿಯುತ್ತವೆ. ರುದ್ರಪ್ಪ, ರೇವಣ್ಣರ ಹೆಸರಿಗೂ ಅದೇ ಗತಿ. ಬಸಪ್ಪ, ಮಲ್ಲಪ್ಪರ ಹೆಸರನ್ನಷ್ಟೇ ಕೊಟ್ಟು ಪರೀಕ್ಷಿಸಿದವರಿಗೆ ತಪ್ಪು ಕಾಣುವುದೇ ಇಲ್ಲ.

1991ರಲ್ಲಿ ಹೊರಬಂದ ಈ ಭಾಷೆಗೆ, ಮುಂದಿನ 'ಶ್ರೀ'ಯನ್ನು ಇಡಿಯಾಗಿ ನೋಡಿ ಅಷ್ಟನ್ನೇ ಕಳಚುವ ರಿಮೂವ್‌ಪ್ರಿಫಿಕ್ಸ್ ಸೇರಿದ್ದು 2020ರ ಅಕ್ಟೋಬರಿನಲ್ಲಿ, 3.9ನೇ ಆವೃತ್ತಿಯ ಜೊತೆಗೆ. ಅದರ ಕೆಲಸವನ್ನು ಯಾರಾದರೂ ಎರಡು ಸಾಲಿನಲ್ಲಿ ಬರೆದುಕೊಳ್ಳಬಹುದು, ಅಷ್ಟಕ್ಕೆ ಭಾಷೆಯ ಮೂಲ ಭಂಡಾರದಲ್ಲಿ ಜಾಗ ಯಾಕೆ ಎಂದು ಕೇಳುವವರಿದ್ದಾರೆ. ಆ ಎರಡು ಸಾಲನ್ನು ಸಾವಿರ ಜನ ಸಾವಿರ ಕಡೆ ಬರೆಯತೊಡಗಿದರೆ ಯಾವನೋ ಒಬ್ಬ ರಾಮಪ್ಪನ ಹೆಸರು ಕೆಟ್ಟೇ ಕೆಡುತ್ತದೆ. ಆದ್ದರಿಂದ ಬೇಕು ಎನ್ನುವವನು ನಾನು.

ಬೇಡ ಎನ್ನುವವರ ಮಾತಿನಲ್ಲೂ ಹುರುಳಿದೆ. ಒಮ್ಮೆ ಸೇರಿದ ಹೆಸರನ್ನು ತೆಗೆಯುವುದು ಸುಲಭವಲ್ಲ. 2018ರಲ್ಲಿ ಜಾವಾಸ್ಕ್ರಿಪ್ಟ್‌ಗೆ 'ಫ್ಲಾಟನ್' ಸೇರಿಸಹೊರಟಾಗ ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರನ್ನು ಬಳಸಿಕೊಂಡಾಗಿತ್ತು. ಹಳೆಯ ಜಾಲತಾಣಗಳು ಕೆಡಬಾರದೆಂದು ಹೆಸರನ್ನೇ 'ಫ್ಲಾಟ್' ಎಂದು ಬದಲಿಸಿದರು. ಆದರೆ ಭಂಡಾರದಲ್ಲಿ ಇಲ್ಲದಿದ್ದರೂ ಕಷ್ಟವೇ: 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ, ಪದದ ಎಡಕ್ಕೆ ಖಾಲಿ ಜಾಗ ತುಂಬುವ ಹನ್ನೊಂದು ಸಾಲಿನ ಜಾವಾಸ್ಕ್ರಿಪ್ಟ್ ತುಣುಕನ್ನು ಬರೆದವರು ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಎಷ್ಟೋ ಜನರ ಕೆಲಸ ನಿಂತುಹೋಯಿತು. ಅದೇ ಕೆಲಸ ಮಾಡುವ ಪ್ಯಾಡ್‌ಸ್ಟಾರ್ಟ್ 2017ರ ಆವೃತ್ತಿಯಲ್ಲಿ ಆ ಭಾಷೆಯೊಳಗೇ ಬಂತು.

ನಮ್ಮ ಅಗತ್ಯಗಳು ಇನ್ನೂ ಹೊಸ್ತಿಲಾಚೆಯೇ ಇವೆ. ಬಳ್ಳಾರಿಗೆ ಎಷ್ಟು ಅಕ್ಷರ ಎಂದರೆ ಮಕ್ಕಳೂ ಮೂರು ಎನ್ನುತ್ತವೆ. ಪೈಥಾನ್‌ನ ಲೆನ್ ಏಳು ಎನ್ನುತ್ತದೆ. ನಾಲ್ಕಕ್ಷರದ ಸಿರುಗುಪ್ಪ ಅದಕ್ಕೆ ಒಂಬತ್ತು, ಕುರುಗೋಡು ಎಂಟು. ಈ ಲೆಕ್ಕ ನಂಬಿ ಚೀಟಿ ಅಚ್ಚು ಮಾಡಿದರೆ ಕಾಲಂಗಳು ಸೊಟ್ಟಗಾಗುತ್ತವೆ. ಮೊತ್ತಕ್ಕೆ ಅಲ್ಪವಿರಾಮ ಹಾಕು ಎಂದರೆ 12,50,000 ಬದಲು 1,250,000 ಬರುತ್ತದೆ. ಲೊಕೇಲ್ ಹೊಂದಿಸಿ ಸುತ್ತು ಬಳಸಿ ಲಕ್ಷಕ್ಕೆ ತರಬಹುದು, ಆದರೆ ಆ ಸುತ್ತು ಗೊತ್ತಿರುವವರು ಕಡಿಮೆ.

ಪೈಥಾನ್‌ಗೆ ಹೊಸದೇನಾದರೂ ಬೇಕೆಂದರೆ ಯಾರು ಬೇಕಾದರೂ ಚರ್ಚೆಗೆ ಇಡಬಹುದು. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವವರಲ್ಲಿ ನನ್ನದೊಂದು ಕೋರಿಕೆ: ಒತ್ತಕ್ಷರವನ್ನು ಒಂದಾಗಿ ಎಣಿಸುವ ವಿಧಾನವನ್ನೂ ಲಕ್ಷದ ಅಲ್ಪವಿರಾಮವನ್ನೂ ನೀವೇ ಕೇಳಿ, ಬರಿಗೈಯಲ್ಲಿ ಕೇಳದೆ ಕೋಡ್ ಬರೆದುಕೊಂಡು ಹೋಗಿ ಕೇಳಿ.