ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ

ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಹತ್ತು ವರ್ಷದ ಹಿಂದಿನ ಕನ್ನಡ ಫೈಲ್ ಯಾವುದಾದರೂ ಇದೆಯೇ? ಇದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಫೈಲ್ ತೆರೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ, ಮೇಲಿನ ಫಾಂಟ್ ಪಟ್ಟಿಯಲ್ಲಿ ಏರಿಯಲ್ ಅಥವಾ ಟೈಮ್ಸ್ ನ್ಯೂ ರೋಮನ್ ಆರಿಸಿ. ಅಕ್ಷರಗಳು ಕನ್ನಡವಾಗಿಯೇ ಉಳಿದರೆ ನೀವು ಬಚಾವ್. ಅದರ ಬದಲು ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷಿನ ಎ, ಪೌಂಡ್ ಚಿಹ್ನೆ, ಇನ್ನೂ ಏನೇನೋ ಗುರುತುಗಳು ಪರದೆ ತುಂಬಿಕೊಂಡರೆ, ನಿಮ್ಮ ಫೈಲಿನಲ್ಲಿ ಕನ್ನಡ ಇಲ್ಲ. ಕನ್ನಡದ ಹಾಗೆ ಕಾಣುವ ಇನ್ನೇನೋ ಇದೆ. ಗಾಬರಿ ಬೇಡ, ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಮೊದಲಿನಂತಾಗುತ್ತದೆ.

ಇದರಲ್ಲಿ ಯಾರದೂ ತಪ್ಪಿಲ್ಲ. ಮೊದಮೊದಲಿನ ವಿಂಡೋಸಿಗೆ ಕನ್ನಡ ಬರುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಎರಡೂ ಆಗ ಉಚಿತವಾಗಿ ಸಿಕ್ಕವು. ಇವು ಇಲ್ಲದಿದ್ದರೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಬರೀ ಇಸ್ಪೀಟು ಆಡುವ ಪೆಟ್ಟಿಗೆಯಾಗಿ ಉಳಿಯುತ್ತಿತ್ತು. ಆಗ ಮಾಡಿದ ಉಪಾಯ ಇಷ್ಟೇ: ಇಂಗ್ಲಿಷ್ ಅಕ್ಷರಗಳು ಕೂರುವ ಮನೆಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ತಂದು ಕೂರಿಸುವುದು. ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಬರೆದರೆ ಕಂಪ್ಯೂಟರಿನ ನೆನಪಿನಲ್ಲಿ ಉಳಿಯುವುದು ಹೀಗೆ: ದೊಡ್ಡ ಪಿ, ಓರೆಗೆರೆಯ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಎಸ್ಸೆಟ್, ಸಣ್ಣ ಕ್ಯೂ, ಮತ್ತೊಮ್ಮೆ ಎ. ಒಟ್ಟು 7 ತುಂಡು. ಆ ಪಿ ಎಂದರೆ ತಲೆಕಟ್ಟಿಲ್ಲದ ಕ, ಆ ಎ ಎಂದರೆ ತಲೆಕಟ್ಟು. ಯುನಿಕೋಡಿನಲ್ಲಿ ಅದೇ ಪದಕ್ಕೆ ಬೇಕಾದ್ದು 5 ಸಂಕೇತ: ಕ, ನ, ಹಲಂತದ ಗುರುತು, ಇನ್ನೊಂದು ನ, ಡ. ಮೊದಲನೆಯದು ಅಕ್ಷರದ ಚಿತ್ರ, ಎರಡನೆಯದು ಅಕ್ಷರ.

ನೋಡುವ ಕಣ್ಣು ಇರುವ ತನಕ ಚಿತ್ರವಾದರೇನು, ಅಕ್ಷರವಾದರೇನು? ನಾನೂ ಬಹಳ ದಿನ ಇದನ್ನು ಕಂಪ್ಯೂಟರ್ ಮಂದಿಯ ಚರ್ಚೆ ಎಂದೇ ಕೇಳಿಸಿಕೊಂಡಿದ್ದೆ. ಅದು ನಮ್ಮ ಮನೆಯ ಪ್ರಶ್ನೆಯಾಗಿದ್ದು ಅಪ್ಪನ ಕಣ್ಣಿನಿಂದ.

ಅಪ್ಪ ಡೋಣಿಯಲ್ಲಿದ್ದಾರೆ, ಕಪ್ಪತಗುಡ್ಡದ ಬುಡಕ್ಕೆ. ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಕಂಪ್ಯೂಟರ್ ತಂದು, ಎರಡು ಬೆರಳಿನಲ್ಲಿ ಟೈಪ್ ಮಾಡುತ್ತ ಬರೆಯಲು ಕೂತರು. ಗುಡ್ಡದಲ್ಲಿ ಯಾವ ಗಿಡ ಎಲ್ಲಿ ಸಿಗುತ್ತದೆ, ಯಾವ ಬೇರನ್ನು ಯಾವ ಮಳೆಗೆ ಕೀಳಬೇಕು, ಯಾವ ವರ್ಷ ಯಾವ ಬಾವಿ ಬತ್ತಿತು, ಯಾರ ಹೊಲದಲ್ಲಿ ಮೊದಲ ಬೋರು ಬಿತ್ತು. ಹೀಗೆ 140 ಚಿಲ್ಲರೆ ಫೈಲು. ಪುಸ್ತಕ ಮಾಡುವ ಉಮೇದೇನೂ ಇರಲಿಲ್ಲ. "ಗೊತ್ತಿದ್ದದ್ದು ಬರದಿಟ್ಟರ ಆತು" ಅನ್ನುವವರು. ಆಮೇಲೆ ಗ್ಲಾಕೋಮಾ ಬಂತು. ಅದು ಸದ್ದಿಲ್ಲದೆ ಅಂಚಿನಿಂದ ನೋಟ ತಿನ್ನುತ್ತ ಬರುತ್ತದೆ. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳಬಹುದು ಅಷ್ಟೆ. ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಸಾಲು ಹಿಡಿಯಲಾಗದ ದಿನ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಬರದಾಂವ ನಾನು. ಅದನ್ನ ಓದಾಕ ಇನ್ನೊಬ್ಬರನ್ನ ಕಾಯಬೇಕೇನಪಾ?"

ಗದಗ ಸೀಮೆಯವರಿಗೆ ಕಣ್ಣಿಲ್ಲದವರ ಓದು ಬರಹ ಹೊಸದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು, ಬ್ರೈಲ್ ಲಿಪಿಯಲ್ಲಿ. ಬ್ರೈಲಿನ ಆರು ಚುಕ್ಕಿಗಳು ಕ ಎಂಬ ಅಕ್ಷರದ ಆಕಾರವನ್ನು ತೋರಿಸುವುದಿಲ್ಲ, ಇದು ಕ ಎಂದು ಹೇಳುತ್ತವೆ. ಯುನಿಕೋಡ್ ಮಾಡುವುದೂ ಅದನ್ನೇ. ಆದರೆ ಎಪ್ಪತ್ತರ ಹತ್ತಿರ ನೋಟ ಕಳೆದುಕೊಂಡ ಬೆರಳಿಗೆ ಬ್ರೈಲ್ ಕಲಿಯುವುದು ಸುಲಭವಲ್ಲ. ಅಂಥವರಿಗೆ ಕಿವಿಯೇ ದಾರಿ.

ಆ ದಾರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಇದನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದರು, ಜೇಮ್ಸ್ ಟೇ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಇಂಥದೇ ಕೆಲಸದ ವಾಣಿಜ್ಯ ತಂತ್ರಾಂಶಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತಿದ್ದಾಗ ಇವರು ಪುಕ್ಕಟೆ ಕೊಟ್ಟರು, ಮೂಲ ಸಂಕೇತವನ್ನೂ ತೆರೆದಿಟ್ಟರು. ಜೊತೆಗೇ ಬರುವ ಇ-ಸ್ಪೀಕ್ ಎಂಬ ದನಿಗೆ ಕನ್ನಡ ಗೊತ್ತು. ಯಾರದೋ ದನಿ ಮುದ್ರಿಸಿ ಜೋಡಿಸಿದ್ದಲ್ಲ, ಪ್ರತಿ ಧ್ವನಿಯನ್ನೂ ಲೆಕ್ಕ ಹಾಕಿ ಹುಟ್ಟಿಸುವಂಥದ್ದು. ಅದಕ್ಕೇ ಕೆಲವೇ ಎಂಬಿಯಲ್ಲಿ ಮುಗಿಯುತ್ತದೆ, ಅದಕ್ಕೇ ಯಂತ್ರದ ಹಾಗೆ ಕೇಳುತ್ತದೆ. ಎರಡು ದಿನ ಕಿರಿಕಿರಿ, ಮೂರನೆಯ ದಿನ ಕಿವಿ ಹೊಂದಿಕೊಳ್ಳುತ್ತದೆ.

ಡೋಣಿಗೆ ಹೋಗಿ ಅದನ್ನು ಹಾಕಿ, ಅಪ್ಪನ ಮೊದಲ ಫೈಲ್ ತೆರೆದೆ. ಅದು ಪಿ, ಎ, ಪೌಂಡ್ ಎಂದು ಏನೇನೋ ಒದರಿತು. "ಇದ್ಯಾವ ಮಂತ್ರನಪಾ?" ಎಂದು ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಒಂಬತ್ತು ವರ್ಷದ ಬರಹವೆಲ್ಲ ಇದೇ ಮಂತ್ರ.

ಪರಿಹಾರವೂ ಪುಕ್ಕಟೆಯೇ ಸಿಕ್ಕಿತು. 'ಗುಬ್ಬಿ', 'ನವಿಲು' ಫಾಂಟುಗಳನ್ನು ರೂಪಿಸಿದ ಅರವಿಂದ ವಿ.ಕೆ. ಅವರು ಹಳೆಯ ಪಠ್ಯವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕವನ್ನೂ ಬರೆದು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಹಳೆಯದನ್ನು ಒಂದು ಕಡೆ ಅಂಟಿಸಿದರೆ ಇನ್ನೊಂದು ಕಡೆ ಕನ್ನಡ ಬರುತ್ತದೆ. ಮೂರು ಸಂಜೆ ಕೂತು ಮುಗಿಸಿದೆವು. ನಡುವೆ ಕರೆಂಟ್ ಹೋದಾಗ ಹೊರಗೆ ಕಟ್ಟೆಯ ಮೇಲೆ. ನೀವೂ ಮಾಡುವುದಾದರೆ ಈ ನಾಲ್ಕು ಮಾತು ನೆನಪಿಡಿ.

ಒಂದು, ಮೂಲ ಫೈಲುಗಳನ್ನು ಮೊದಲು ಪೆನ್‌ಡ್ರೈವಿಗೆ ನಕಲು ಮಾಡಿ ತೆಗೆದಿಡಿ. ಬದಲಿಸಿದ್ದು ಹೊಸ ಫೈಲ್ ಆಗಲಿ, ಹಳೆಯದನ್ನು ಅಳಿಸಬೇಡಿ.

ಎರಡು, ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ನೋಡಿ. 'ಸೂರ್ಯ' ಎಂಬಲ್ಲಿ ಹಳೆಯ ಫಾಂಟ್ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಕೊನೆಯಲ್ಲಿ ಇಡುತ್ತದೆ, ಯುನಿಕೋಡ್ ಉಚ್ಚಾರದಂತೆ ರಕಾರವನ್ನು ಮೊದಲು ಇಡುತ್ತದೆ. ಪರಿವರ್ತಕ ಎಡವಿದರೆ ಹೆಚ್ಚಾಗಿ ಇಂಥಲ್ಲಿಯೇ.

ಮೂರು, ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಎಚ್ಚರ. ಪರಿವರ್ತಕಕ್ಕೆ ಅದು ಇಂಗ್ಲಿಷ್ ಎಂದು ಗೊತ್ತಾಗುವುದಿಲ್ಲ. ಅಪ್ಪ ಅಮೃತಬಳ್ಳಿಯ ಪಕ್ಕದಲ್ಲಿ ಟಿನೊಸ್ಪೊರಾ ಕಾರ್ಡಿಫೋಲಿಯಾ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಅದು ಯಾರೂ ಉಚ್ಚರಿಸಲಾಗದ ಕನ್ನಡವಾಗಿ ಹೊರಬಂತು. ಅಂಥವನ್ನು ಕೈಯಿಂದಲೇ ತಿದ್ದಬೇಕು.

ನಾಲ್ಕು, ಲಿಬ್ರೆ ಆಫೀಸ್‌ನಂಥ ಉಚಿತ ತಂತ್ರಾಂಶದಲ್ಲಿ ಉಳಿಸಿ, ಪ್ರತಿ ಫೈಲಿಗೂ ಕನ್ನಡದಲ್ಲೇ ಹೆಸರು ಕೊಡಿ. ಒಮ್ಮೆ ಯುನಿಕೋಡ್ ಆಯಿತೆಂದರೆ 'ಮಧುನಾಶಿನಿ' ಎಂದು ಟೈಪ್ ಮಾಡಿ ಹುಡುಕಬಹುದು, ಫೋನಿನಲ್ಲಿ ಓದಬಹುದು, ತಂಗಿಗೆ ಮೇಲ್ ಮಾಡಿದರೆ ಅವಳು ಫಾಂಟ್ ಕೇಳುವುದಿಲ್ಲ.

ಎನ್‌ವಿಡಿಎ ಬಳಸಲು ಮೊದಲಿಗೆ ಬೇಕಾದ್ದು ಮೂರು ಕೀಲಿ. ಕಂಟ್ರೋಲ್, ಆಲ್ಟ್, ಎನ್ ಒಟ್ಟಿಗೆ ಒತ್ತಿದರೆ ಶುರು. ಇನ್ಸರ್ಟ್ ಜೊತೆ ಕೆಳಬಾಣ ಒತ್ತಿದರೆ ಅಲ್ಲಿಂದ ಮುಂದಕ್ಕೆ ಓದುತ್ತ ಹೋಗುತ್ತದೆ. ಬರೀ ಕಂಟ್ರೋಲ್ ಒತ್ತಿದರೆ ಸುಮ್ಮನಾಗುತ್ತದೆ. ಇನ್‌ಸ್ಟಾಲ್ ಮಾಡುವ ಮನಸ್ಸಿಲ್ಲದಿದ್ದರೆ ಪೆನ್‌ಡ್ರೈವಿನಲ್ಲೇ ಇಟ್ಟುಕೊಂಡು ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ಓಡಿಸಬಹುದು. ಹಿರಿಯರಿಗೆ ವೇಗ ಕಡಿಮೆ ಮಾಡಿ ಕೊಡಿ. ಇನ್ಸರ್ಟ್ ಕೀಲಿ ಬೆರಳಿಗೆ ಸಿಗುವಂತೆ ಅದರ ಮೇಲೆ ಒಂದು ಚೂರು ಟೇಪು ಅಂಟಿಸಿ.

ಮೊದಲ ದಿನ ಅಪ್ಪ ಬಾವಿಗಳ ಫೈಲ್ ಕೇಳಿದರು. ನಡುವೆ "ತಡಿ, ತಡಿ" ಎಂದರು. ಒಂದು ಬಾವಿ ಬತ್ತಿದ ವರ್ಷ ತಪ್ಪಾಗಿತ್ತಂತೆ, ಕಣ್ಣಿನಲ್ಲಿ ಎಷ್ಟೋ ಸಲ ಓದಿದರೂ ಸಿಗದ ತಪ್ಪು ಕಿವಿಗೆ ಸಿಕ್ಕಿತ್ತು. ತಾವೇ ತಿದ್ದಿದರು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ನುಡಿಯಲ್ಲಿದ್ದದ್ದು, ಯುನಿಕೋಡಿನಲ್ಲೂ ಅದೇ ಸಿಗುತ್ತದೆ. ಹಾಗಾಗಿ ಬೆರಳು ಹೊಸದೇನೂ ಕಲಿಯಬೇಕಾಗಲಿಲ್ಲ. ಟೈಪ್ ಮಾಡಿದ ಪದವನ್ನು ಎನ್‌ವಿಡಿಎ ತಿರುಗಿ ಹೇಳುತ್ತದೆ, ಅಪ್ಪ "ಹೂಂ" ಅನ್ನುತ್ತಾರೆ, ಮುಂದಿನ ಪದ.

ಇನ್ನೂ ಆಗದ ಕೆಲಸ ಬೇಕಾದಷ್ಟಿದೆ. ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್‌ಗಳು ಕಣ್ಣಿಗೆ ಮುದ್ದಾಗಿ ಕಾಣುತ್ತವೆ, ಕಾಪಿ ಮಾಡಿದರೆ ಅದೇ ಮಂತ್ರ. ಸ್ಕ್ಯಾನ್ ಮಾಡಿದ ಪುಟಗಳಂತೂ ಬರೀ ಫೋಟೋ. ಅಪ್ಪನಿಗೆ ಯಾರಾದರೂ ಇಂಥದ್ದನ್ನು ಕಳಿಸಿದರೆ ಅವತ್ತು ಓದು ಇಲ್ಲ. ಆದ್ದರಿಂದ ಆಫೀಸಿನಲ್ಲಿ, ಸಂಘದಲ್ಲಿ, ಅಪಾರ್ಟ್‌ಮೆಂಟಿನ ನೋಟೀಸಿನಲ್ಲಿ ಕನ್ನಡ ಬರೆಯುವ ನಿಮ್ಮೆಲ್ಲರಲ್ಲಿ ಒಂದು ಕೋರಿಕೆ: ಯುನಿಕೋಡಿನಲ್ಲೇ ಬರೆಯಿರಿ, ಪಠ್ಯವನ್ನು ಪಠ್ಯವಾಗಿಯೇ ಕಳಿಸಿ.

ದೀಪಾವಳಿಗೆ ಊರಿಗೆ ಹೋಗುವವರು ಪೆನ್‌ಡ್ರೈವಿನಲ್ಲಿ ಎನ್‌ವಿಡಿಎ ಮತ್ತು ಲಿಬ್ರೆ ಆಫೀಸ್ ಹಾಕಿಕೊಂಡು ಹೋಗಿ. ಮನೆಯಲ್ಲಿ ಬರೆದಿಟ್ಟವರು ಯಾರಾದರೂ ಇದ್ದರೆ ಅವರ ಪಕ್ಕದಲ್ಲೇ ಕೂತು ಬದಲಿಸಿ. ಅನುಮಾನ ಬಂದಲ್ಲಿ ಕೇಳಿದರೆ ಉತ್ತರ ಕೊಡಲು ಅವರಿರುತ್ತಾರೆ. ಮೂರು ಸಂಜೆಯ ಕೆಲಸ ಅಷ್ಟೆ.