ಕೆರೆ ಹಿಡಿದ ಕಡಲು

3–7–2024, ಬುಧವಾರ

ಬೆಳಿಗ್ಗೆ ಅಕ್ಕನ ಮಗನ ಫೋನು. ಅವನ ಹಡಗು ಕೊಲಂಬಿಯಾದ ಕಾರ್ತಹೇನಾ ಬಂದರಿನಲ್ಲಿ ನಿಂತಿದೆಯಂತೆ. ಕೆರಿಬಿಯನ್ ಕಡಲಿನ ದಂಡೆಯಲ್ಲಿ ಸ್ಪೇನಿನವರು 1533ರಲ್ಲಿ ಕಟ್ಟಿದ ಊರು. ಸುತ್ತ ಕಲ್ಲಿನ ಕೋಟೆಗೋಡೆ. ನಾನು ಹಾನಗಲ್ಲಿನಲ್ಲಿ ಚಹಾ ಕುಡಿಯುತ್ತಿದ್ದೆ, ಅವನಿಗೆ ಅಲ್ಲಿ ಇನ್ನೂ ನಿನ್ನೆಯ ರಾತ್ರಿ.

“ಮಾಮಾ, ಇಲ್ಲಿ ಬೀದ್ಯಾಗ ಗೋವಿನಜ್ವಾಳದ ರೊಟ್ಟಿ ಮಾರ್ತಾರ. ಅರೇಪಾ ಅಂತಾರ. ತಿಂದ ಕೂಡ್ಲೇ ನಮ್ಮ ಹೊಲ ನೆನಪಾತು. ಜತಿಗಿರೋರು ನಿಮ್ಮೂರು ಹೆಂಗೈತಿ ಅಂತ ಕೇಳ್ತಾರ. ಸಮುದ್ರಿಲ್ಲ, ರೈಲಿಲ್ಲ, ಏನ್ ಹೇಳ್ಲಿ?”

ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಸುತ್ತಲಿನ ತಾಲೂಕುಗಳನ್ನು ಮತ್ತೊಮ್ಮೆ ಕಣ್ಣಾರೆ ನೋಡಿ ಬರೆದಿಡುತ್ತೇನೆಂದೆ.

ಇಂದೇ ಶಿಶುವಿನಹಾಳಕ್ಕೆ ಹೊರಟೆ. ಜುಲೈ 3 ಸಂತಕವಿ ಶಿಶುನಾಳ ಶರೀಫಜ್ಜ ಹುಟ್ಟಿದ ದಿನ, ಕಣ್ಮುಚ್ಚಿದ ದಿನವೂ ಹೌದು: 1819, 1889. ಬಂಕಾಪುರದ ಹತ್ತಿರ ಬಸ್ಸು ಹೆದ್ದಾರಿಗೆ ಬಂತು. ಪುಣೆ, ಬೆಂಗಳೂರುಗಳ ಸರಕು ಹೊತ್ತ ಲಾರಿಗಳು ಒಂದರ ಹಿಂದೆ ಒಂದು. ಹೆದ್ದಾರಿಯ ಪಕ್ಕದಲ್ಲೇ ಇರುವ ಬಂಕಾಪುರದಲ್ಲಿ, ಲೋಕಾದಿತ್ಯ ಆಳುತ್ತಿದ್ದ ಕಾಲಕ್ಕೆ, 898ರಲ್ಲಿ ಗುಣಭದ್ರರ ‘ಉತ್ತರಪುರಾಣ’ಕ್ಕೆ ಪೂಜೆ ನಡೆಯಿತು. ಅಲ್ಲಿನ ಕೋಟೆಯೊಳಗೆ ಈಗ ನವಿಲುಗಳಿಗೆ ರಕ್ಷಿತ ಜಾಗ.

ಶಿಶುವಿನಹಾಳದಲ್ಲಿ ಶರೀಫಜ್ಜನ ಗದ್ದುಗೆಗೆ ಸಕ್ಕರೆ ಓದಿಸುವವರೂ ಕಾಯಿ ಒಡೆಸುವವರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಕಳಸದ ಗೋವಿಂದ ಭಟ್ಟರು ಮುಸಲ್ಮಾನರ ಹುಡುಗನನ್ನು ಶಿಷ್ಯನೆಂದು ಅಪ್ಪಿಕೊಂಡ ನೆಲವಿದು. ಇದೇ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಕನಕದಾಸರು ಹುಟ್ಟಿದರು. ಕೈಮುಗಿದು ಹೊರಗೆ ಬರುವಾಗ ಹನಿ ಶುರುವಾಗಿತ್ತು.

5–7–2024, ಶುಕ್ರವಾರ

ಮಣ್ಣೆತ್ತಿನ ಅಮಾವಾಸ್ಯೆ. ಪಕ್ಕದ ಮನೆಯ ಹುಡುಗ ಕೆರೆಯ ದಂಡೆಯಿಂದ ಎರೆಮಣ್ಣು ತಂದಿದ್ದ. “ಸರ, ಕೋಡು ನಿಂದ್ರವಲ್ವು” ಎಂದ. ಕಡ್ಡಿ ಚುಚ್ಚಿ ನಿಲ್ಲಿಸಿಕೊಟ್ಟೆ. ಜೋಡೆತ್ತು, ಮುಂದೊಂದು ಗೋದಲಿ. ಹೊಲ ಇಲ್ಲದ ಮನೆಯಲ್ಲೂ ಇವತ್ತು ಎತ್ತಿಗೆ ಪೂಜೆ.

ಸಂಜೆ ಆನೆಕೆರೆಯ ಏರಿಯ ಮೇಲೆ ನಡೆದೆ. ಪಡುವಣ ದಿಕ್ಕು ಕಪ್ಪಿಟ್ಟಿತ್ತು. ನೆಟ್ಟಗೆ ಗೆರೆ ಎಳೆದರೆ ಅರಬ್ಬಿ ಸಮುದ್ರ ಇಲ್ಲಿಂದ ನೂರು ಕಿಲೋಮೀಟರಿನೊಳಗೆ. ಮೋಡ ಅಲ್ಲಿಂದಲೇ ಎದ್ದು, ಘಟ್ಟಕ್ಕೆ ಬಹುಪಾಲು ಸುರಿದು, ಮಿಕ್ಕಿದ್ದನ್ನು ನಮಗೆ ತರುತ್ತದೆ. ಹಾನಗಲ್ಲು ಮಲೆನಾಡಿನ ಸೆರಗು. ಅದಕ್ಕೇ ಇಲ್ಲಿ ಭತ್ತ, ಮಾವು. ಆದರೆ ಬಿದ್ದ ನೀರು ಹತ್ತಿರದ ಕಡಲಿಗೆ ಮರಳುವುದಿಲ್ಲ. ಧರ್ಮಾ ನದಿ ವರದೆಗೆ, ವರದೆ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ. ಕೊನೆಗೆ ಬಂಗಾಳ ಕೊಲ್ಲಿ. ಒಂದು ಕಡಲಿನಿಂದ ಬಂದದ್ದು ಇನ್ನೊಂದು ಕಡಲಿಗೆ ಹೋಗುವ ದಾರಿಯಲ್ಲಿ ನಾವಿದ್ದೇವೆ.

ಹೋಗುವ ನೀರನ್ನು ನಿಲ್ಲಿಸಿಕೊಂಡರಷ್ಟೇ ಊರು. ಕಾರ್ತಹೇನಾದವರು 1650ರಲ್ಲಿ ಮಗ್ದಲೇನಾ ನದಿಯಿಂದ ತಮ್ಮ ಕೊಲ್ಲಿಗೆ ಕಾಲುವೆ ಅಗೆದರು. ನಮ್ಮ ಹಿರಿಯರು ಕೆರೆ ಕಟ್ಟಿದರು. ನಮ್ಮೂರಿನ ತಾರಕೇಶ್ವರ ಗುಡಿಯ ಛತ್ತಿನ ಭುವನೇಶ್ವರಿಯಲ್ಲಿ ಅರಳಿದ ಕಲ್ಲಿನ ಕಮಲವನ್ನು ಎಷ್ಟು ಸಲ ನೋಡಿದ್ದೇನೋ. ಅದನ್ನು ಕಡೆದವರು ಕಮಲವನ್ನು ಕಂಡದ್ದು ಇಂಥ ಕೆರೆಯಲ್ಲೇ ಇರಬೇಕು ಎಂದು ಇವತ್ತು ಅನ್ನಿಸಿತು. ಏರಿಯ ಬದಿಗೆ ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡಿದ್ದವು. ಕೈಗೆ ಸಿಕ್ಕಷ್ಟು ಎತ್ತಿದೆ. ಹೂಳು ತುಂಬಿದ ಕೆರೆಗೆ ಎಷ್ಟು ಮಳೆ ಬಂದರೇನು?

7–7–2024, ಭಾನುವಾರ

ಸವಣೂರು. ಮೊದಲು ದೊಡ್ಡಹುಣಸೆ ಕಲ್ಮಠಕ್ಕೆ ಹೋದೆ. ಹೆಸರು ಹುಣಸೆ, ಜಾತಿ ಬೇರೆ: ಆಫ್ರಿಕಾದ ಬಾವೊಬಾಬ್. ಹತ್ತಾರು ಜನ ಕೈ ಕೈ ಹಿಡಿದು ತಬ್ಬಬೇಕಾದಷ್ಟು ದಪ್ಪ. ಮೂರರಲ್ಲಿ ಒಂದು ಕಳೆದ ವರ್ಷ ಇದೇ ಜುಲೈನಲ್ಲಿ ಉರುಳಿಬಿತ್ತು. ಕಡಿದು ಸೌದೆ ಮಾಡಲಿಲ್ಲ. ಎಬ್ಬಿಸಿ ಮತ್ತೆ ನೆಟ್ಟರು. ಆ ಸುದ್ದಿ ಓದಿದ ದಿನ ನನಗೆ ಹಬ್ಬವಾಗಿತ್ತು.

ಇದೇ ಜಾತಿಯ ಮರ ಕೆರಿಬಿಯನ್ ದ್ವೀಪ ಬಾರ್ಬಡೋಸಿನ ಬ್ರಿಜ್‌ಟೌನ್ ಊರಿನ ಉದ್ಯಾನದಲ್ಲೂ ಇದೆ. ಆಫ್ರಿಕಾದ ಜನರನ್ನು ಸರಪಳಿ ಹಾಕಿ ಹಡಗಿನಲ್ಲಿ ಆ ದಂಡೆಗಳಿಗೆ ಒಯ್ದು ಮಾರಿದ ಕಾಲವೊಂದಿತ್ತು. ಕಾರ್ತಹೇನಾ ಆ ವ್ಯಾಪಾರದ ದೊಡ್ಡ ಬಂದರು.

ನವಾಬರ ಸವಣೂರಿಗೂ ಹೊರಗಿನಿಂದ ಬಂದವರು ಹಲವರು. ಆಳಿದವರು ಪಠಾಣರು, ಅದೇ ಊರಿನಲ್ಲಿ ಮಾಧ್ವ ಯತಿ ಸತ್ಯಬೋಧತೀರ್ಥರ ವೃಂದಾವನ. 1909ರಲ್ಲಿ ವಿ. ಕೃ. ಗೋಕಾಕರು ಹುಟ್ಟಿದ್ದೂ ಇಲ್ಲೇ. ಪೇಟೆಯಲ್ಲಿ ಅಕ್ಕನಿಗೆಂದು ವೀಳ್ಯದೆಲೆ ಕೊಂಡೆ, ಪಕ್ಕದ ಮನೆಯ ಹುಡುಗನಿಗೆಂದು ಖಾರ.

ಆದರೆ ಈ ಊರಿಗೆ ಬಂದಾಗಲೆಲ್ಲ 2010ರ ಜುಲೈ ನೆನಪಾಗುತ್ತದೆ. ತಲೆಮಾರುಗಳಿಂದ ಊರಿನ ಮಲ ಹೊತ್ತವರು, ಇದ್ದ ನೆಲೆಯನ್ನೂ ಬಿಡಬೇಕೆಂದಾಗ, ನಡುಬೀದಿಯಲ್ಲಿ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ಮಲ ಹೊರಿಸುವುದನ್ನು ತಡೆಯುವ ಹೊಸ ಕಾಯಿದೆ ಬಂದದ್ದು 2013ರಲ್ಲಿ. ಬಿದ್ದ ಮರವನ್ನು ಎತ್ತಿ ನಿಲ್ಲಿಸಬಲ್ಲ ಊರು ಇದು. ಆ ಅಕ್ಕರೆ ಮನುಷ್ಯರಿಗೂ ಸಿಗಬೇಕಿತ್ತು. ಅಕ್ಕನ ಮಗನಿಗೆ ಇದನ್ನೂ ಹೇಳಬೇಕು. ಮುಚ್ಚಿಟ್ಟರೆ ಊರಿನ ಲೆಕ್ಕ ಸುಳ್ಳಾಗುತ್ತದೆ.

14–7–2024, ಭಾನುವಾರ

ಹಿರೇಕೆರೂರು. ಹೆಸರಿನಲ್ಲೇ ಕೆರೆ ಇದೆ. ದಾರಿಯುದ್ದಕ್ಕೂ ಗೋವಿನಜೋಳ ಮೊಣಕಾಲೆತ್ತರ ಎದ್ದು ಗಾಳಿಗೆ ಓಲಾಡುತ್ತಿತ್ತು. ಕೊಲಂಬಸ್ 1492ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಇಳಿದಾಗ ಅಲ್ಲಿನ ಜನ ಇದನ್ನು ಬೆಳೆಯುತ್ತಿದ್ದರು. ಯುರೋಪಿನ ಭಾಷೆಗಳಲ್ಲಿ ಈ ಕಾಳಿಗಿರುವ ಮೇಸ್, ಮಾಯಿಸ್ ಎಂಬ ಹೆಸರುಗಳು ಅವರ ಮಾತಿನಿಂದಲೇ ಬಂದವು. ನೆರೆಯ ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿಯೂ ಆ ಕಡೆಯದೇ; ಪೋರ್ಚುಗೀಸರ ಹಡಗೇರಿ ಈ ದಂಡೆಗೆ ಬಂತು. ನಮ್ಮ ಹೊಲಗಳಿಗೆ ಕಾರ್ತಹೇನಾದ ಪರಿಚಯ ಅಕ್ಕನ ಮಗನಿಗಿಂತ ಹಳೆಯದು!

ಪರಿಚಯದವರ ಹೊಲದಲ್ಲಿ ಬೀಜದ ಟೊಮ್ಯಾಟೊ. ಹೆಣ್ಣುಮಕ್ಕಳು ‘ಕ್ರಾಸಿಂಗ್’ ಮಾಡುತ್ತಿದ್ದರು. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸಬೇಕು. ಒಂದೊಂದು ಹೂವಿಗೂ ಹೀಗೇ. ಎಲ್ಲೆಲ್ಲೋ ಬಿತ್ತುವ ಬೀಜ ಈ ಬೆರಳುಗಳಿಂದ ಹೊರಡುತ್ತದೆ. “ಕಣ್ಣು ಸೋಲ್ತಾವ್ರೀ ಸರ” ಎಂದರು ಒಬ್ಬ ಅಜ್ಜಿ, ಕೈ ನಿಲ್ಲಿಸದೆ.

ಮಧ್ಯಾಹ್ನ ಮಾಸೂರಿಗೆ. ಸರ್ವಜ್ಞನ ಊರೆಂದು ಜನ ಹೇಳುವ ಮಾಸೂರು ಈಗ ಹೊಸ ರಟ್ಟೀಹಳ್ಳಿ ತಾಲೂಕಿಗೆ ಸೇರಿದೆ. ಅಲ್ಲಿ ಕುಮುದ್ವತಿ ನದಿಗೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ್ದು ಮದಗದ ಕೆರೆ. ಏರಿಯ ಮೇಲೆ ನಿಂತರೆ ಗುಡ್ಡವನ್ನೇ ಜೋಡಿಸಿದ್ದಾರೆ ಅನ್ನಿಸುತ್ತದೆ. ಯಂತ್ರವಿಲ್ಲದ ಕಾಲದಲ್ಲಿ ಬುಟ್ಟಿ ಬುಟ್ಟಿಯಾಗಿ ಮಣ್ಣು ಹೊತ್ತ ತಲೆಗಳನ್ನು ನೆನೆದೆ. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ.

17–7–2024, ಬುಧವಾರ

ಮೊಹರಂ. ನಿನ್ನೆ ಕತ್ತಲರಾತ್ರಿ, ನಿದ್ದೆ ಕಡಿಮೆ. ಬೆಳಗಿನವರೆಗೆ ಹಲಗೆಯ ಸದ್ದು, ಅಲಾವಿ ಪದ. ಹಾಡುವವರಲ್ಲಿ ವಿಭೂತಿ ಹಚ್ಚಿದವರೇ ಹೆಚ್ಚು. ದೂರದ ಕರ್ಬಲಾದ ದುಃಖ ನಮ್ಮ ಓಣಿಯಲ್ಲಿ ಕನ್ನಡದಲ್ಲಿ ಹರಿಯುತ್ತಿತ್ತು. ಶರೀಫಜ್ಜನೂ ಇಂಥ ಪದ ಕಟ್ಟಿಕೊಟ್ಟವನೇ. ಮನೆಗೆ ಸಿಹಿ ಚೋಂಗೆ ಬಂತು.

ಸಂಜೆ ಅಕ್ಕನ ಮಗನ ಫೋನು. ಹಡಗು ನಾಳೆ ಹೊರಡುತ್ತದಂತೆ. ಬರೆದದ್ದನ್ನು ಓದಿ ಹೇಳಿದೆ, ಸವಣೂರಿನದೂ ಬಿಡದೆ. ಅಲ್ಲಿ ಅವನು ಬಹಳ ಹೊತ್ತು ಮಾತಾಡಲಿಲ್ಲ.

“ನಮ್ಮೂರಿಗೂ ಸಮುದ್ರ ಬರತೈತಿ, ಮಳಿ ಆಗಿ ಬರತೈತಿ ಅಂತ ಹೇಳು. ಬಂದದ್ದನ್ನ ಹಿಡಿದಿಡೋದು ನಮ್ಮ ಕೆಲಸ” ಎಂದೆ.

“ಆನಿಕೆರಿ ತುಂಬೇತೇನ್ ಮಾಮಾ?”

“ಇನ್ನೂ ಇಲ್ಲೋ ತಮ್ಮಾ. ಆದ್ರ ಮಳಿ ಹಿಡದೈತಿ.”