ಮದುವೆಯ ಯಾದಿ, ಲಕ್ಕಮ್ಮನ ಅಕ್ಕಿ



ಮದುವೆಯ ಹಂಗಾಮು ಬಂದಿತೆಂದರೆ ಮಠಕ್ಕೆ ಬರುವ ಭಕ್ತರ ಕೈಯಲ್ಲಿ ಹೂವು-ಪತ್ರೆಗಳೊಡನೆ ಲಗ್ನಪತ್ರಿಕೆಯ ಕಟ್ಟೂ ಇರುತ್ತದೆ. ಮೊದಲ ಪತ್ರಿಕೆಯನ್ನು ಗದ್ದುಗೆಯ ಮುಂದಿಟ್ಟು ನಮಸ್ಕರಿಸಿದ ಬಳಿಕವೇ ಬಂಧುಬಳಗಕ್ಕೆ ಹಂಚುವುದು ನಮ್ಮ ಕಡೆಯ ರೂಢಿ. ಹಾಗೆ ಬಂದಿದ್ದ, ನಿಶ್ಚಯವಾಗಿರುವ ಜೋಡಿಯೊಂದು ನನ್ನನ್ನು ಕಂಡು, “ಮಾಸ್ತರ, ನಮಗ ಏನರೆ ಹೇಳ್ರಿ, ಲಗ್ನ ಹ್ಯಾಂಗ ಮಾಡಬೇಕು?” ಎಂದು ಕೇಳಿತು. ಅಂದು ಸರಿಯಾದ ಉತ್ತರ ಹೊಳೆಯಲಿಲ್ಲ. ಆ ಮಕ್ಕಳಿಗಾಗಿಯೂ ಅವರಂತಹ ಇತರರಿಗಾಗಿಯೂ ಈಗ ಬರೆಯುತ್ತಿದ್ದೇನೆ.

ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಮೂವತ್ತು ವರುಷಗಳಿಗೂ ಮಿಗಿಲಾಗಿ ನಮ್ಮೂರ ನಿಶ್ಚಯಗಳಲ್ಲಿ ಯಾದಿ ಬರೆಯುವ ಕೆಲಸ ನನ್ನದಾಗಿತ್ತು. ಉತ್ತರ ಕರ್ನಾಟಕದವರಿಗೆ ಯಾದಿ ಎಂದರೇನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು. ಹುಡುಗ-ಹುಡುಗಿ ಒಪ್ಪಿಗೆಯಾದ ಮೇಲೆ ಎರಡೂ ಕಡೆಯ ಹಿರಿಯರು ಕಂಬಳಿಯ ಮೇಲೆ ಕುಳಿತು, ಯಾರು ಏನು ಕೊಡಬೇಕು, ಯಾವ ಖರ್ಚು ಯಾರದು ಎಂಬುದನ್ನು ಮಾತಾಡಿ ಕಾಗದದಲ್ಲಿ ಇಳಿಸುತ್ತಾರೆ. ಕಾಗದದ ಮೂಲೆಗೆ ಅರಿಷಿಣ ಕುಂಕುಮ, ಮೇಲೆ ‘ಶ್ರೀ’, ಕೆಳಗೆ ಎರಡು ಸಾಲು. ಬಂಗಾರ ಎಷ್ಟು ತೊಲೆ, ಜವಳಿ ಯಾರದು, ಭಾಂಡೆ ಸಾಮಾನು ಏನೇನು, ಊಟದ ಖರ್ಚು ಯಾರ ಪಾಲಿಗೆ. ಮಾತುಕತೆ ಹೊಂದಿಕೊಂಡರೆ ಅಂದೇ ಅಕ್ಕಿಕಾಳು ಹಾಕಿ ಮುಗಿಸುವುದೂ ಉಂಟು. ಅದಕ್ಕೆ ‘ಯಾದಿ ಮೇ ಶಾದಿ’ ಎನ್ನುತ್ತಾರೆ. ವರದಕ್ಷಿಣೆ ಎಂಬ ಶಬ್ದವನ್ನು ನಾನು ಯಾವ ಯಾದಿಯಲ್ಲಿಯೂ ಬರೆದವನಲ್ಲ. ‘ವರೋಪಚಾರ’ ಎಂದು ಬರೆದಿದ್ದೇನೆ. ಆ ಶಬ್ದದ ಮುಂದೆ ಬರುವ ಅಂಕಿಯನ್ನೂ ಅಷ್ಟೇ ದುಂಡಾದ ಅಕ್ಷರದಲ್ಲಿ ಬರೆದಿದ್ದೇನೆ.

1991ರಲ್ಲಿ ನನ್ನ ತಂಗಿಯ ಯಾದಿಯನ್ನು ಬರೆದವನೂ ನಾನೇ. ಐದು ತೊಲೆ ಬಂಗಾರ ಎಂದು ಬರೆಯುವಾಗ ಪಕ್ಕದಲ್ಲಿ ಕುಳಿತಿದ್ದ ಅಪ್ಪ ಏನೂ ಅನ್ನಲಿಲ್ಲ. ಎರಡು ಎಕರೆ ಎರೆಹೊಲ ಆ ವರುಷವೇ ಕೈಬಿಟ್ಟಿತು. ಹೊಲ ಹೋದುದಕ್ಕಿಂತ ಹೆಚ್ಚಾಗಿ ನನ್ನನ್ನು ಇಂದಿಗೂ ಕಾಡುವುದು ಲಗ್ನದ ದಿನದ ಒಂದು ಗಳಿಗೆ. ಆಹೇರಿಯ ಸೀರೆ ಹಗುರದ್ದಾಯಿತೆಂದು ಬೀಗರ ಕಡೆಯ ಹಿರಿಯ ಹೆಂಗಸೊಬ್ಬರು ಊಟಕ್ಕೆ ಏಳದೆ ಕುಳಿತರು. ಪಂಕ್ತಿ ಹಾಸಿ ಎಲೆಯ ಮೇಲೆ ಗೋದಿ ಹುಗ್ಗಿ ಆರುತ್ತಿತ್ತು. ಅಪ್ಪ ಹೆಗಲ ಮೇಲಿನ ವಲ್ಲಿಯನ್ನು ಕೈಯಲ್ಲಿ ಹಿಡಿದು ಅವರ ಮುಂದೆ ಬಾಗಿ ನಿಂತರು. ಮದುವಣಗಿತ್ತಿಯ ಬಾಸಿಂಗದ ಅಡಿಯಿಂದ ತಂಗಿ ಅದನ್ನು ನೋಡಿದಳು. ಆ ಸೀರೆಯ ಸಾಲೂ ನನ್ನ ಯಾದಿಯಲ್ಲಿಯೇ ಇತ್ತು.

ವಚನಗಳನ್ನು ಓದುತ್ತ ಓದುತ್ತ ನಾನು ಮತ್ತೆ ಮತ್ತೆ ಬಂದು ನಿಲ್ಲುವುದು ಆಯ್ದಕ್ಕಿ ಲಕ್ಕಮ್ಮನ ಮನೆಯ ಬಾಗಿಲಿನಲ್ಲಿ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ ನಿಮಗೆ ತಿಳಿದದ್ದೇ. ಮಾರಯ್ಯನು ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವನು, ಲಕ್ಕಮ್ಮ ಅದರಿಂದ ದಾಸೋಹ ನಡೆಸುವಳು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವಳು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದು ನಮ್ಮದಲ್ಲ, ಮರಳಿಸಿ ಬಾ ಎಂದಳು. ಇದನ್ನು ನಾವು ಸಾಮಾನ್ಯವಾಗಿ ಆಸೆಯ ನಿರಾಕರಣೆ ಎಂದು ವ್ಯಾಖ್ಯಾನಿಸುತ್ತೇವೆ. ಅದು ಸರಿಯೇ. ಆದರೆ ಮದುವೆಯಾಗಲಿರುವವರು ಗಮನಿಸಬೇಕಾದುದು ಇನ್ನೊಂದಿದೆ: ಮನೆಗೆ ಎಷ್ಟು ಬೇಕು ಎಂಬುದು ಅವರಿಬ್ಬರಿಗೂ ಮೊದಲೇ ಗೊತ್ತಿತ್ತು. ಅಳತೆ ಗೊತ್ತಿಲ್ಲದವರಿಗೆ ಹೆಚ್ಚಾದದ್ದು ಯಾವುದೆಂದು ಹೇಗೆ ತಿಳಿಯಬೇಕು?

ಅಕ್ಕಿಯ ಮಾತು ಬಂದುದರಿಂದ ಹೇಳುತ್ತೇನೆ. ಚೆಲ್ಲಿದ ಅಕ್ಕಿಯನ್ನು ಆಯುವುದನ್ನೇ ಕಾಯಕ ಮಾಡಿಕೊಂಡವರನ್ನು ನಿತ್ಯ ನೆನೆಯುವ ನಾವು, ಕಲ್ಯಾಣ ಮಂಟಪದಲ್ಲಿ ಅಕ್ಕಿಯನ್ನೇ ಎರಚಿ ಅದರ ಮೇಲೆ ನಡೆದಾಡುತ್ತೇವೆ. ಹೂವಿನ ಪಕಳೆಗಳಿಂದ ಪುಷ್ಪವೃಷ್ಟಿ ಮಾಡುವ ಪದ್ಧತಿ ಈಗ ಶರಣರ ಅನೇಕ ಲಗ್ನಗಳಲ್ಲಿದೆ. ಅದನ್ನು ಕೇಳಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಮುಂಚಿತವಾಗಿ ಲಗ್ನ ನೆರವೇರಿಸುವ ಅಯ್ಯನವರಿಗೂ ಮಂಟಪದವರಿಗೂ ತಿಳಿಸಿದರೆ ಸಾಕು.

ಈಗ ನನ್ನ ಮಗಳ ಮಾತಿಗೆ ಬರುತ್ತೇನೆ. ಎರಡು ವರುಷಗಳ ಹಿಂದೆ ಅವಳ ನಿಶ್ಚಯದ ದಿನ ಹಿರಿಯರು ವಾಡಿಕೆಯಂತೆ ನನ್ನ ಮುಂದೆ ಕಾಗದ ಇಟ್ಟರು. ಅಷ್ಟರಲ್ಲಿ ಮಗಳು, “ಅಪ್ಪಾಜಿ, ನಾವಿಬ್ರೂ ಬರಕೊಂಡ ಬಂದೀವ್ರಿ” ಎಂದು ಮಡಿಚಿದ ಹಾಳೆಯೊಂದನ್ನು ಕೊಟ್ಟಳು. ಅದರಲ್ಲಿ ತೊಲೆಯ ಲೆಕ್ಕವಿರಲಿಲ್ಲ. ಇಬ್ಬರ ಉಳಿತಾಯ ಎಷ್ಟು, ಅದರಲ್ಲಿ ಲಗ್ನಕ್ಕೆ ಎಷ್ಟು, ಎರಡೂ ಮನೆಯವರು ಸಮನಾಗಿ ಹಾಕಬೇಕಾದದ್ದು ಎಷ್ಟು ಎಂದಿತ್ತು. ಸಾಲ ಕೂಡದು ಎಂಬ ಮಾತಿಗೆ ಎರಡು ಗೆರೆ ಎಳೆದಿದ್ದರು. ಕರೆಯುವವರ ಸಂಖ್ಯೆ ಮುನ್ನೂರು. ಕೊನೆಯಲ್ಲಿ: ಆಹೇರಿ ಬೇಡ.

ಓದಿ ಮುಗಿಸಿದಾಗ ಮನಸ್ಸು ತುಂಬಿತು. ಆದರೆ ಅಳಿಯನಾಗುವವನ ಅಜ್ಜಿಯ ಮುಖ ಬಾಡಿತು. “ನಮ್ಮ ಮನಿಗೆ ಬರೋ ಹುಡುಗೀಗೆ ಒಂದ ಸೀರಿ ಉಡಸಾಕೂ ನಮಗ ಹಕ್ಕಿಲ್ಲೇನ್ರಿ ಬೀಗರ?” ಎಂದರು. ಉತ್ತರ ಕೊಡುವವರು ಯಾರೂ ಇರಲಿಲ್ಲ. 1991ರ ಆ ಹೆಂಗಸನ್ನೂ ಈ ಅಜ್ಜಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪೆಂದು ನನಗೆ ಕಂಡಿತು. ಒಬ್ಬರು ಬೇಡಿ ಸಾಲದೆಂದು ಮುನಿದವರು. ಇನ್ನೊಬ್ಬರು ಕೊಡಲಾಗದೆ ನೊಂದವರು. ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಮರಳಿಸೆಂದು ಹೇಳಿದ್ದು ತನ್ನ ಗಂಡನಿಗೆ, ತನ್ನ ಮನೆಯೊಳಗೆ. ನೆರೆಮನೆಯ ಮಡಕೆಯನ್ನು ಅವಳು ಇಣುಕಿ ನೋಡಲಿಲ್ಲ. ಮಗಳನ್ನು ಒಳಗೆ ಕರೆದು ಇಷ್ಟನ್ನೇ ಹೇಳಿದೆ. ಅವಳಿಗೆ ಸಿಟ್ಟು ಬಂದಿತೆಂಬುದನ್ನು ಮುಚ್ಚಿಡುವುದಿಲ್ಲ. ಅರ್ಧ ಗಳಿಗೆಯ ಬಳಿಕ ಹೊರಗೆ ಬಂದು ಆ ಸಾಲನ್ನು ತಾನೇ ತಿದ್ದಿದಳು: ಅಜ್ಜಿ ಉಡಿಸುವ ಸೀರೆ ಒಂದು, ನಮ್ಮ ಕಡೆಯಿಂದ ಅಜ್ಜಿಗೆ ಒಂದು, ಉಳಿದಂತೆ ಇಲ್ಲ. ಅಜ್ಜಿ ತಂದದ್ದು ಇಳಕಲ್ ಸೀರೆ. ಲಗ್ನದಲ್ಲಿ ಮಗಳು ಉಟ್ಟದ್ದು ಅದನ್ನೇ.

ಆದ್ದರಿಂದ ಮಕ್ಕಳೇ, ಹಿರಿಯರು ಕಂಬಳಿ ಹಾಸುವ ಮೊದಲೇ ನೀವಿಬ್ಬರೂ ಕುಳಿತು ನಿಮ್ಮ ಅಳತೆಯನ್ನು ಬರೆದುಕೊಳ್ಳಿರಿ. ಬರೆದದ್ದನ್ನು ಹಿರಿಯರ ಮುಂದೆ ಆಜ್ಞೆಯಂತೆ ಓದಬೇಡಿರಿ. ಪತ್ರಿಕೆಯನ್ನು ಮೊಬೈಲಿನಲ್ಲಿ ಕಳಿಸಿದರೂ ವಯಸ್ಸಾದವರ ಮನೆಗೆ ಹೋಗಿ ಕುಂಕುಮ ಹಚ್ಚಿ ಕರೆಯಿರಿ. ಅಡಿಗೆಯವರಿಗೆ ಹೇಳುವ ಸಂಖ್ಯೆಯ ವಿಷಯದಲ್ಲಿ ಸಂಕೋಚ ಬೇಡ. ಹತ್ತು ಬಗೆಯ ಸಿಹಿಯನ್ನು ಒಮ್ಮೆಲೇ ಬಡಿಸಿ ಎಲೆಯಲ್ಲಿ ಬಿಡುವಂತೆ ಮಾಡುವುದಕ್ಕಿಂತ, ಮಾದಲಿಯೊಂದನ್ನೇ ಮಾಡಿ ಎರಡು ಸಲ ಬಂದು ಕೇಳಿ ಬಡಿಸುವುದು ದಾಸೋಹಕ್ಕೆ ಹತ್ತಿರದ್ದು. ಬಡಿಸಿದವರು, ಪಾತ್ರೆ ತೊಳೆದವರು ಉಂಡರೇ ಎಂದು ವಧೂವರರೇ ವಿಚಾರಿಸಬೇಕು. ನಮ್ಮ ಲಗ್ನಗಳಲ್ಲಿ ಅವರ ಊಟ ಸಂಜೆ ನಾಲ್ಕಕ್ಕೆ ಆಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಸರಳ ಲಗ್ನ ಮಾಡಿದರೆ ಜನ ಏನೆಂದಾರು ಎಂಬ ಅಂಜಿಕೆ ಇದ್ದೇ ಇರುತ್ತದೆ. 1966ರಲ್ಲಿ ಕುವೆಂಪು ಅವರು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯ ರೀತಿಯಲ್ಲಿ ಆಡಂಬರವಿಲ್ಲದೆ ಮಾಡಿದರು; ಆ ಮಾದರಿ ಇಂದಿಗೂ ನಾಡಿನಲ್ಲಿ ನಡೆದು ಬಂದಿದೆ. ಅದಕ್ಕೂ ಎಷ್ಟೋ ಹಿಂದೆ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಗಾಗಿ ಶರಣರು ಪ್ರಾಣವನ್ನೇ ತೆತ್ತರು. ಆ ಲಗ್ನದಲ್ಲಿ ಎಷ್ಟು ತೊಲೆ ಬಂಗಾರವಿತ್ತೆಂದು ನಾವ್ಯಾರೂ ಇದುವರೆಗೆ ಕೇಳಿಲ್ಲ.

ಇನ್ನೊಂದು ಯಾದಿಯ ವಿಷಯ ಬಹಳ ಜನರಿಗೆ ತಿಳಿಯದು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಅಡಿಯಲ್ಲಿ ಕೊಳ್ಳುವುದು ಮಾತ್ರವಲ್ಲ, ಕೊಡುವುದೂ ಅಪರಾಧ. ಅದೇ ಕಾಯ್ದೆಯ 1985ರ ನಿಯಮಗಳು, ಕೇಳದೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧು ಬೇರೆ, ವರ ಬೇರೆ ಬರೆದಿಡಬೇಕೆನ್ನುತ್ತವೆ. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರ ಹೆಸರು, ಅವರು ಸಂಬಂಧಿಕರಾಗಿದ್ದರೆ ಏನಾಗಬೇಕು ಎಂದು ನಮೂದಿಸಿ ಇಬ್ಬರೂ ಸಹಿ ಹಾಕಬೇಕು. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಮದುವೆಯನ್ನು ನೋಂದಾಯಿಸುವ ಕೆಲಸವನ್ನೂ ಮುಂದೂಡಬೇಡಿರಿ. ಅದಕ್ಕಾಗಿ ಲಗ್ನಪತ್ರಿಕೆ ಒಂದೆರಡನ್ನು ಎತ್ತಿಡಿರಿ.

ಮಗಳ ಲಗ್ನವಾದ ಮರುದಿನ ಅವರಿಬ್ಬರೂ ಆ ಪಟ್ಟಿ ಬರೆಯಲು ಕುಳಿತರು. ಅಕ್ಷರ ಚೆನ್ನಾಗಿರಲೆಂದು ಮಗಳು ಲೇಖನಿಯನ್ನು ನನಗೆ ಕೊಟ್ಟಳು. ಮೊದಲು ಅಜ್ಜಿಯ ಇಳಕಲ್ ಸೀರೆ ಬರೆದೆ. ಎರಡನೆಯದು ನನ್ನ ತಂಗಿ ಕೊಟ್ಟದ್ದು, ಅವಳ ಐದು ತೊಲೆಯಲ್ಲಿ ಉಳಿದಿದ್ದ ಒಂದು ಜೊತೆ ಓಲೆ. ಬೆಲೆ ಎಷ್ಟು ಹಾಕಲೆಂದು ಕೇಳಿದರೆ, “ನೀನ ಬರದಿದ್ದೆಲ್ಲಾ ಅಣ್ಣಾ, ನಿನಗ ಗೊತ್ತಿರಬೇಕು” ಎಂದು ನಕ್ಕಳು.